ಸಂಜೆಗೆ ಎಲ್ಲವನ್ನೂ ಮರೆಯುವ ಗಣಕ

ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಪದ್ಧತಿ ಹೊಸದಲ್ಲ. ಅದರಿಂದ ಒದಗುವ ಅನರ್ಥಗಳೂ ಹೊಸವಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯು ಮುಂದೆ ಬಳಸುವವರಿಗೆಲ್ಲ ಬೇರೆಬೇರೆ ಪಾಸ್‌ವರ್ಡುಗಳನ್ನೂ ಕಡತಗಳನ್ನೂ ಒದಗಿಸಿತಾದರೂ, ಅದನ್ನು ನಡೆಸುತ್ತಿದ್ದ ತಜ್ಞರು ಮಾತ್ರ ತಮ್ಮೊಳಗೆ ಒಂದೇ ಕಡತಕೋಶವನ್ನು ಹಂಚಿಕೊಂಡಿದ್ದರು. ಹೀಗಿರಲು ಒಂದು ದಿನ, ಒಬ್ಬನು ಸ್ವಾಗತಸಂದೇಶವನ್ನೂ ಇನ್ನೊಬ್ಬನು ಪಾಸ್‌ವರ್ಡುಗಳ ಪಟ್ಟಿಯನ್ನೂ ಏಕಕಾಲದಲ್ಲಿ ತಿದ್ದತೊಡಗಿದಾಗ, ತಿದ್ದುವ ಪ್ರೋಗ್ರಾಮು ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿದುದರಿಂದ ಎರಡೂ ಅದಲುಬದಲಾಗಿ, ಲಾಗಿನ್ ಆದವರ ಮುಂದೆಲ್ಲ ಸ್ವಾಗತಕ್ಕೆ ಬದಲಾಗಿ ಸಮಸ್ತರ ಪಾಸ್‌ವರ್ಡುಗಳೂ ಅಚ್ಚಾಗಿ ಬಂದವು.

ಇಂದಿನ ಕಚೇರಿಗಳಲ್ಲಿ, ಬ್ಯಾಂಕಿನ ಕೌಂಟರುಗಳಲ್ಲಿ, ಪಾಳಿಯ ಮೇಲೆ ದುಡಿಯುವ ಆಸ್ಪತ್ರೆಗಳಲ್ಲಿ ಈ ಹಂಚಿಕೆಯ ಭಾರವನ್ನು ಹೊರುವುದು ಪ್ರೊಫೈಲ್ ಎಂಬ ಕಡತಸಮೂಹ. ವಿಂಡೋಸ್ ಎನ್‌ಟಿ ವಂಶದ ಗಣಕಗಳಲ್ಲಿ ಪ್ರತಿಯೊಬ್ಬನ ಪ್ರೊಫೈಲಿನೊಳಗೂ ಎನ್‌ಟಿಯೂಸರ್.ಡ್ಯಾಟ್ ಎಂಬ ಗುಪ್ತಕಡತವೊಂದಿರುತ್ತದೆ. ಪರದೆಯ ಚಿತ್ರ, ಮೌಸಿನ ವೇಗ, ಪ್ರಿಂಟರಿನ ಆಯ್ಕೆ, ಕೀಲಿಮಣೆಯ ಭಾಷೆ ಇವೇ ಮೊದಲಾದ ವೈಯಕ್ತಿಕ ಅಭಿರುಚಿಗಳೆಲ್ಲ ಅಲ್ಲಿ ದಾಖಲಾಗುತ್ತವೆ. ಲಾಗಿನ್ ಆದೊಡನೆ ಅದು ವಿಂಡೋಸಿನ ಆಯ್ಕೆಗಳ ಭಂಡಾರವಾದ ರಿಜಿಸ್ಟ್ರಿಯೊಳಕ್ಕೆ ಬಂದು ಕೂಡಿಕೊಳ್ಳುತ್ತದೆ. ದಿನವಿಡೀ ನಡೆದ ಮಾರ್ಪಾಡುಗಳನ್ನು ಹೊತ್ತು ಸಂಜೆಗೆ ಹಿಂದಿರುಗುತ್ತದೆ.

ಈ ಪ್ರೊಫೈಲಿಗೆ ಬೀಗ ಹಾಕುವ ಉಪಾಯ ವಿಚಿತ್ರವೆನ್ನುವಷ್ಟು ಸರಳ. ಸರ್ವರಿನಲ್ಲಿ ಅಣಿಗೊಳಿಸಿಟ್ಟ ಮಾದರಿ ಪ್ರೊಫೈಲಿನ ಆ ಕಡತದ ಹೆಸರನ್ನು ಎನ್‌ಟಿಯೂಸರ್.ಮ್ಯಾನ್ ಎಂದು ಬದಲಿಸಿದರೆ ಸಾಕು, ಅದು ಮ್ಯಾಂಡೇಟರಿ ಪ್ರೊಫೈಲ್ ಆಗುತ್ತದೆ. ಗಮನಿಸತಕ್ಕ ಸಂಗತಿಯೆಂದರೆ, ಈ ಬೀಗವು ಯಾರ ಕೈಯನ್ನೂ ಹಿಡಿಯುವುದಿಲ್ಲ. ಗುಮಾಸ್ತನು ಪರದೆಗೆ ತನ್ನ ಮಗುವಿನ ಚಿತ್ರವನ್ನು ಅಂಟಿಸಬಹುದು, ಐಕಾನುಗಳನ್ನು ಮನಬಂದಂತೆ ಜೋಡಿಸಬಹುದು. ಆದರೆ ಲಾಗ್‌ಆಫ್ ಆದಾಗ ಅದಾವುದೂ ಮೂಲಪ್ರತಿಗೆ ಸೇರದು, ಮರುದಿನ ಮತ್ತೆ ಆ ಮಾದರಿಯೇ ಎದುರಾಗುತ್ತದೆ. ಇದಕ್ಕಿಂತ ಕಠಿನವಾದ ಇನ್ನೊಂದು ಬಗೆಯೂ ಉಂಟು: ಇಡೀ ಫೋಲ್ಡರಿನ ಹೆಸರಿಗೇ ಮ್ಯಾನ್ ಎಂಬ ಬಾಲವನ್ನು ಕಟ್ಟಿದರೆ, ಆ ಪ್ರೊಫೈಲು ದೊರೆಯದ ದಿನ ಗಣಕಕ್ಕೆ ಪ್ರವೇಶವೇ ಇಲ್ಲ.

ಮಾರ್ಪಾಡುಗಳನ್ನು ಮರೆಯುವುದು ಯಂತ್ರಕ್ಕೆ ಸುಲಭ. ಯಾವುದನ್ನು ಮರೆಯಬಾರದೆಂದು ನಿಶ್ಚಯಿಸುವುದೇ ಆಡಳಿತಗಾರನಿಗೆ ಕಷ್ಟ. ವಿಂಡೋಸಿನ ಕನ್ನಡ ಕೀಲಿಮಣೆಯನ್ನೇ ತೆಗೆದುಕೊಳ್ಳಿ. ರಿಜಿಸ್ಟ್ರಿಯಲ್ಲಿ ಕೀಬೋರ್ಡ್ ಲೇಔಟ್ ಎಂಬ ಶಾಖೆಯ ಪ್ರೀಲೋಡ್ ಎಂಬ ಪಟ್ಟಿಯಲ್ಲಿ 0000044ಬಿ ಎಂಬ ಸಂಕೇತವಾಗಿ ಅದು ಕುಳಿತಿರುತ್ತದೆ, ಮತ್ತು ಈ ಪಟ್ಟಿ ಇರುವುದು ಅದೇ ಗುಪ್ತಕಡತದಲ್ಲಿ. ಮಾದರಿಯನ್ನು ಸಿದ್ಧಗೊಳಿಸಿದವನು ಕನ್ನಡವನ್ನು ಸೇರಿಸಲು ಮರೆತನೋ, ಕನ್ನಡದಲ್ಲಿ ಟಿಪ್ಪಣಿ ಬರೆಯಬೇಕಾದವನು ಪ್ರತಿದಿನವೂ ಅದನ್ನು ಸೇರಿಸಿಕೊಂಡು ಪ್ರತಿಸಂಜೆಯೂ ಕಳೆದುಕೊಳ್ಳುತ್ತಿರಬೇಕಾದೀತು. ಡೆಸ್ಕ್‌ಟಾಪಿನ ಮೇಲೆ ಉಳಿಸಿದ ಪತ್ರದ ಗತಿಯೂ ಇದೇ. ಆದಕಾರಣ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್ ಮೊದಲಾದ ಫೋಲ್ಡರುಗಳನ್ನು ಪ್ರೊಫೈಲಿನಿಂದ ಹೊರತಂದು ಸರ್ವರಿನತ್ತ ತಿರುಗಿಸುವುದು ರೂಢಿ. ವಿಂಡೋಸ್ 2000ದೊಡನೆ ಬಂದ ಗ್ರೂಪ್ ಪಾಲಿಸಿ ಈ ಕೆಲಸವನ್ನು ಸುಗಮಗೊಳಿಸಿತು.

ಇಂಥ ನಿರ್ಬಂಧಗಳನ್ನು ಎಷ್ಟು ಬಿಗಿಯಬೇಕೆಂಬ ಪ್ರಶ್ನೆಯೂ ಹೊಸದಲ್ಲ. ಗಣಕವಿಜ್ಞಾನಿಗಳಾದ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಎಂಟು ರಕ್ಷಣಾಸೂತ್ರಗಳನ್ನು ನಿರೂಪಿಸಿದರು. ಕೆಲಸಕ್ಕೆ ಅವಶ್ಯವಾದುದಕ್ಕಿಂತ ಹೆಚ್ಚಿನ ಅಧಿಕಾರ ಯಾರಿಗೂ ಇರಕೂಡದೆಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ. ರಕ್ಷಣೆಯ ಏರ್ಪಾಡು ಬಳಸುವವನಿಗೆ ಸಹಜವೂ ಸುಲಭವೂ ಆಗಿರಬೇಕೆಂಬ ಸೂತ್ರವೂ ಅದೇ ಪಟ್ಟಿಯಲ್ಲಿದೆಯೆಂಬುದನ್ನು ನೆನೆಯುವವರು ವಿರಳ. ಮೊದಲನೆಯದನ್ನು ಮಾತ್ರ ಹಿಡಿದು ಬಿಗಿದ ಕಡೆಗಳಲ್ಲಿ ನಡೆಯುವುದೇನೆಂದರೆ, ನಿರ್ಬಂಧವಿಲ್ಲದ ಒಬ್ಬ ಅಧಿಕಾರಿಯ ಲಾಗಿನ್ ಬೆಳಗಿನಿಂದ ತೆರೆದೇ ಇದ್ದು, ಎಲ್ಲರೂ ಅದರಲ್ಲಿಯೇ ಕೆಲಸ ಮುಗಿಸಿಕೊಳ್ಳುತ್ತಾರೆ; ದಾಖಲೆಯನ್ನು ತೆಗೆದು ನೋಡಿದರೆ ಆ ಕಚೇರಿಯ ಪತ್ರಗಳನ್ನೆಲ್ಲ ಬರೆದವನು ಆತನೊಬ್ಬನೇ.