ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಪುಣೆ ಜಿಲ್ಲೆಯ ಬಾರಾಮತಿ ಎಂದರೆ ಈಗ ಕಬ್ಬು, ದ್ರಾಕ್ಷಿ, ಸಕ್ಕರೆ ಕಾರ್ಖಾನೆ, ರಾಜಕೀಯ. ಇದೇ ತಾಲ್ಲೂಕಿನ ಸುಪೆ ಎಂಬ ಸಂತೆಯೂರಿನಲ್ಲಿ 1875ರ ಮೇ 12ರಂದು ಸುತ್ತಲಿನ ರೈತರು ಸಾಹುಕಾರರ ಅಂಗಡಿ, ಮನೆಗಳಿಗೆ ನುಗ್ಗಿದರು. ಅವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಕಾಗದ: ಸಾಲಪತ್ರ, ಖಾತೆವಹಿ. ದಖ್ಖನ್ ದಂಗೆ ಎಂದು ಇತಿಹಾಸದಲ್ಲಿ ದಾಖಲಾದದ್ದು ಶುರುವಾದದ್ದು ಇಲ್ಲಿಂದ. ಮುಂದೆ ಊರೂರಲ್ಲಿ ಸಾಲದ ವಹಿಗಳು ಬೆಂಕಿಗೆ ಬಿದ್ದವು. ಕೈಕಸುಬಿನ ವಸ್ತುಗಳ ಕೊಡುಕೊಳ್ಳುವಿಕೆಗೆ ಊರಿನದೇ ಒಂದು ನಾಣ್ಯ ಬೇಕು ಎನ್ನುವ ಮಾತು ಮತ್ತೆ ಕೇಳಿಬರುತ್ತಿರುವಾಗ ಸುಪೆಯ ಕಥೆಯನ್ನು ಮೊದಲು ಓದಬೇಕು ಎಂದು ನನಗನಿಸುತ್ತದೆ.

ಪಕ್ಕದ ಇಂದಾಪುರದಲ್ಲಿ 1830ರ ದಶಕದಲ್ಲೇ ಬ್ರಿಟಿಷರ ಹೊಸ ಭೂಮಾಪನ ನಡೆದು, ಕಂದಾಯ ಮೂವತ್ತು ವರ್ಷಕ್ಕೆ ನಿಗದಿಯಾಯಿತು. ಕಟ್ಟಬೇಕಾದದ್ದು ರೂಪಾಯಿಯಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹತ್ತಿಯ ಬೆಲೆ ಏರಿತು, ಸಾಲ ಧಾರಾಳವಾಗಿ ಸಿಕ್ಕಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಅದೇ ಹೊತ್ತಿಗೆ ಕಂದಾಯದ ದರ ಏರಿಸಿದರು. ಮನೆಯಲ್ಲಿ ಜೋಳವಿತ್ತು, ಕೈಯಲ್ಲಿ ಕೆಲಸವಿತ್ತು, ರೂಪಾಯಿ ಮಾತ್ರ ಇರಲಿಲ್ಲ. ಅದು ಇದ್ದದ್ದು ಸಾಹುಕಾರನ ಬಳಿ. ಲೆಕ್ಕ ಬರೆಯುವವನೂ ಅವನೇ, ಓದಿ ಹೇಳುವವನೂ ಅವನೇ.

ಹಾಗೆಂದು ಊರಿನೊಳಗೆ ರೂಪಾಯಿಯಿಲ್ಲದೆ ಬದುಕು ನಿಂತಿರಲಿಲ್ಲ. ಬಾರಾ ಬಲುತೇದಾರರಿದ್ದರು. ನಮ್ಮ ಕಡೆಯ ಹನ್ನೆರಡು ಮಂದಿ ಆಯಗಾರರಿದ್ದಂತೆಯೇ. ಬಡಿಗ ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆ ರಿಪೇರಿ ಮಾಡುತ್ತಿದ್ದ. ಕಮ್ಮಾರ ಕುಳ ತಟ್ಟಿಕೊಡುತ್ತಿದ್ದ. ಚಮ್ಮಾರನ ಕೈಯಲ್ಲಿ ಕಪಿಲೆಯ ಚರ್ಮದ ಚೀಲ ಸಿದ್ಧವಾಗುತ್ತಿತ್ತು. ಕುಂಬಾರ, ಕ್ಷೌರಿಕ, ಅಗಸ ಎಲ್ಲರಿಗೂ ಮನೆ ಗೊತ್ತು, ಕೆಲಸ ಗೊತ್ತು. ಪ್ರತಿ ಕೆಲಸಕ್ಕೂ ದರ ಹೇಳುವ ಪದ್ಧತಿಯಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದವರಿಗೆ ತೆನೆಯ ಸಿವುಡು, ಕಾಳಿನ ಪಾಲು. ಧನಗರ ಕುರಿಗಾಹಿಗಳದೂ ಇದೇ ರೀತಿ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಅವರ ಚೀಲಕ್ಕೆ ಕಾಳು.

ಈ ಜಾಲಕ್ಕೆ ಎಂಥ ಬಲವಿತ್ತು ಎಂಬುದು ದಂಗೆಗೆ ಕೆಲವೇ ತಿಂಗಳ ಮೊದಲು ಕಂಡಿತು. 1874ರ ಡಿಸೆಂಬರಿನಲ್ಲಿ ಪುಣೆ ಜಿಲ್ಲೆಯದೇ ಆದ ಶಿರೂರು ತಾಲ್ಲೂಕಿನ ಕರ್ಡೆಯಲ್ಲಿ, ಸಾಹುಕಾರನೊಬ್ಬ ಊರಿನ ದೇಶಮುಖನ ಮನೆಯನ್ನೇ ಮುರಿಸಲು ಹೊರಟಾಗ ಊರು ಕೈಕಟ್ಟಿ ಕೂತಿತು. ಸಾಹುಕಾರರ ಹೊಲ ಉಳುವವರಿಲ್ಲ, ಅವರ ಅಂಗಡಿಯಲ್ಲಿ ಕೊಳ್ಳುವವರಿಲ್ಲ. ಕ್ಷೌರಿಕ, ಅಗಸ, ಬಡಿಗ, ಕಮ್ಮಾರ, ಚಮ್ಮಾರ ಯಾರೂ ಅವರ ಬಾಗಿಲಿಗೆ ಹೋಗಲಿಲ್ಲ. ಹಣವಿದ್ದವನಿಗೆ ಕೆಲಸವೇ ಸಿಗದಂತಾಯಿತು.

ಇಷ್ಟು ಹೇಳಿ ಬಲುತೆ ಎಂಬ ಈ ಪದ್ಧತಿಯನ್ನು ಹೊಗಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಕಸುಬು ಹುಟ್ಟಿನಿಂದ ಬರುತ್ತಿತ್ತು, ಬೇಡವೆನ್ನುವಂತಿರಲಿಲ್ಲ. ಸತ್ತ ದನ ಎಳೆಯುವ, ಸರ್ಕಾರಿ ಕಾಗದ ಹೊತ್ತು ಊರೂರು ಓಡುವ ಮಹಾರರಿಗೆ ಸಿಗುತ್ತಿದ್ದದ್ದು ಕಾಳಿನ ಜೊತೆಗೆ ಅವಮಾನ. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನ ಮಂಡಳಿಯಲ್ಲಿ ವತನ ಎಂಬ ಈ ವಂಶಪಾರಂಪರ್ಯ ಊರ ಚಾಕರಿಯ ವಿರುದ್ಧ ಮಸೂದೆ ತಂದರು. ಕೆಳಸ್ತರದ ಗ್ರಾಮ ವತನಗಳನ್ನು ರದ್ದು ಮಾಡುವ ಕಾಯ್ದೆ ಬರಲು 1958 ಆಗಬೇಕಾಯಿತು. ದಯಾ ಪವಾರರು 1978ರಲ್ಲಿ ತಮ್ಮ ಆತ್ಮಕಥನಕ್ಕೆ ‘ಬಲುತ’ ಎಂದೇ ಹೆಸರಿಟ್ಟರು. ಅದನ್ನು ಓದಿದವರು ಹಳೆಯ ಊರನ್ನು ಹಾಗೆಯೇ ಮರಳಿ ಬಯಸಲಾರರು.

ಸುಪೆಯಲ್ಲಿ ವಹಿ ಒಬ್ಬನ ಕೈಯಲ್ಲಿತ್ತು. ಬಲುತೆಯಲ್ಲಿ ವಹಿಯೇ ಇರಲಿಲ್ಲ, ಅಳತೆ ಕೊಡುವವನ ಮರ್ಜಿಗೆ ಬಿಟ್ಟದ್ದು. ಕೆನಡಾದ ಕೋರ್ಟ್‌ನಿಯಲ್ಲಿ ಮೈಕೆಲ್ ಲಿಂಟನ್ 1983ರಲ್ಲಿ ಆರಂಭಿಸಿದ ‘ಲೆಟ್ಸ್’ ಪದ್ಧತಿ ಗಮನ ಸೆಳೆಯುವುದು ಇಲ್ಲೇ. ಎಲ್ಲರ ಖಾತೆಯೂ ಸೊನ್ನೆಯಿಂದ ಶುರು. ಒಬ್ಬಾಕೆ ರವಿಕೆ ಹೊಲಿದುಕೊಟ್ಟರೆ ಆಕೆಯ ಖಾತೆಗೆ ನೂರೈವತ್ತು ಜಮೆ, ಹೊಲಿಸಿಕೊಂಡವಳಿಗೆ ಅಷ್ಟೇ ಖರ್ಚು. ಹೊಲಿದಾಕೆ ಆ ನೂರೈವತ್ತನ್ನು ಮೂರನೆಯವಳ ಹಪ್ಪಳಕ್ಕೋ ನಾಲ್ಕನೆಯವನ ಸೈಕಲ್ ರಿಪೇರಿಗೋ ಕೊಡಬಹುದು. ಎಲ್ಲರ ಲೆಕ್ಕ ಕೂಡಿದರೆ ಮತ್ತೆ ಸೊನ್ನೆ. ಬಡ್ಡಿಯಿಲ್ಲ. ಯಾರ ಬಾಕಿ ಎಷ್ಟು ಎಂದು ಯಾವ ಸದಸ್ಯರೂ ಕೇಳಬಹುದು. ಬೇಡವಾದ ಕೆಲಸವನ್ನು ಒಲ್ಲೆ ಎನ್ನಬಹುದು.

ಪುಸ್ತಕದ ಬದಲು ನೋಟಿನ ದಾರಿ ಹಿಡಿದವರೂ ಇದ್ದಾರೆ. ಆಸ್ಟ್ರಿಯಾದ ವರ್ಗಲ್ ಪಟ್ಟಣ 1932ರಲ್ಲಿ ತನ್ನದೇ ನೋಟು ಹೊರಡಿಸಿ ರಸ್ತೆ ಮಾಡಿಸಿತು, ನಿರುದ್ಯೋಗಿಗಳಿಗೆ ಕೂಲಿ ಕೊಟ್ಟಿತು. ಮರುವರ್ಷವೇ ಅಲ್ಲಿನ ರಾಷ್ಟ್ರೀಯ ಬ್ಯಾಂಕು ಅದನ್ನು ನಿಲ್ಲಿಸಿತು. ನಮ್ಮಲ್ಲೂ ಕೇಳಿದೊಡನೆ ಹಣ ಕೊಡುವುದಾಗಿ ವಾಗ್ದಾನ ಮಾಡುವ ನೋಟನ್ನು ಸಂಘ ಸಂಸ್ಥೆಗಳು ಅಚ್ಚು ಹಾಕುವಂತಿಲ್ಲ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆ ಅದನ್ನು ತಡೆಯುತ್ತದೆ. ಆದ್ದರಿಂದ ನೋಟಿನ ಆಸೆ ಬಿಡಬೇಕು, ಪುಸ್ತಕವೇ ಸಾಕು.

ಆ ಪುಸ್ತಕ ಬರೆಯಬಲ್ಲವರು ಈಗಾಗಲೇ ಇದ್ದಾರೆ. ಬಾರಾಮತಿಯ ಕೃಷಿ ಅಭಿವೃದ್ಧಿ ಟ್ರಸ್ಟ್ ಪುಣೆಯಲ್ಲಿ ನಡೆಸುವ ಭೀಮಥಡಿ ಜಾತ್ರೆಗೆ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ತಮ್ಮ ಕೈಯ ತಿಂಡಿ, ಮಸಾಲೆ, ಕುಸುರಿ ವಸ್ತುಗಳನ್ನು ಹೊತ್ತು ಬರುತ್ತಾರೆ. ಅದು ಪಟ್ಟಣದ ಗಿರಾಕಿಗಾಗಿ, ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಒಬ್ಬರ ಕಸುಬು ಇನ್ನೊಬ್ಬರ ಮನೆಗೆ ತಲುಪುವ ದಾರಿ ಬೇಕು. ನಮ್ಮ ಸ್ತ್ರೀಶಕ್ತಿ ಸಂಘಗಳೂ ವಾರವಾರ ಕೂತು ಉಳಿತಾಯ, ಸಾಲದ ಲೆಕ್ಕ ನೋಡುತ್ತವೆ. ಅದೇ ಸಭೆಯಲ್ಲಿ ಇನ್ನೊಂದು ವಹಿ ತೆರೆಯಿರಿ. ಹತ್ತು ಮನೆ ಸಾಕು. ಬಾಕಿಗೆ ಒಂದು ಮಿತಿ ಹಾಕಿಕೊಳ್ಳಿ, ಓದು ಬಾರದವರಿಗೂ ತಿಳಿಯುವಂತೆ ಪ್ರತಿ ವಾರ ಗಟ್ಟಿಯಾಗಿ ಓದಿ, ವಹಿ ಇಡುವ ಮನೆಯನ್ನು ತಿಂಗಳಿಗೊಮ್ಮೆ ಬದಲಿಸಿ.