ಕೊಳವೆಯೊಳಗಿನ ಯುರೇನಿಯಂ ಲೆಕ್ಕ

ಪ್ರಶ್ನೆ: ಅಣು ಇಂಧನ ತಯಾರಿಸುವ ಕಾರ್ಖಾನೆಯ ಯಂತ್ರಗಳಲ್ಲಿ ಉಳಿದುಬಿಡುವ ಯುರೇನಿಯಂ ಎಷ್ಟೆಂದು, ಬಿಚ್ಚಿ ನೋಡದೆ ತಿಳಿಯುವುದು ಹೇಗೆ?
– ಓದುಗರು, ಹುತ್ತೂರು, ಕೋಲಾರ ಜಿಲ್ಲೆ

ಉತ್ತರ: ರಾಗಿ ಬೀಸಿಸಿದಾಗ ಫ್ಲೋರ್ ಮಿಲ್‌ನ ಕಲ್ಲಿನ ಸಂದಿಯಲ್ಲಿ, ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಒಂದಿಷ್ಟು ಹಿಟ್ಟು ಉಳಿಯುತ್ತದಲ್ಲ, ಇದೂ ಹಾಗೆಯೇ. ನಮ್ಮ ಕೈಗಾ ಸ್ಥಾವರಕ್ಕೆ ಇಂಧನ ತಯಾರಿಸುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್. ಇಂಥ ಕಾರ್ಖಾನೆಗಳಲ್ಲಿ ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಒತ್ತಿ ಗುಳಿಗೆ ಮಾಡುವಾಗ ನಯವಾದ ದೂಳು ಕೊಳವೆ, ಫಿಲ್ಟರ್‌ಗಳ ಒಳಮೈಗೆ ಅಂಟುತ್ತದೆ.

ಅದನ್ನು ಹಿಡಿದುಕೊಡುವುದು ಅದರದೇ ಕಿರಣ. ಯುರೇನಿಯಂ-235 ಸುಮಾರು 186 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣ ಸೂಸುತ್ತಲೇ ಇರುತ್ತದೆ. ಅಕ್ಕಪಕ್ಕದ ಕಿರಣ ನುಸುಳದಂತೆ ಸೀಸದ ಕವಚ ತೊಡಿಸಿದ ಶೋಧಕವನ್ನು ಕೊಳವೆಯತ್ತ ಹಿಡಿದು ಈ ಶಕ್ತಿಯ ಗಾಮಾ ಕಿರಣಗಳನ್ನಷ್ಟೇ ಎಣಿಸುತ್ತಾರೆ. ತೂಕ ಗೊತ್ತಿರುವ ಮಾದರಿಯ ಎಣಿಕೆಗೆ ಹೋಲಿಸಿ, ಕೊಳವೆಯ ಲೋಹ ತಡೆದ ಪಾಲನ್ನೂ ಸೇರಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. ಬಂದದ್ದು, ಹೋದದ್ದು, ಉಳಿದದ್ದು ತಾಳೆಯಾಗಲೇಬೇಕು. ಇದರಲ್ಲಿ ಉಪೇಕ್ಷೆ ಸಲ್ಲದು.