ಮನೆಯಲ್ಲೇ ಮ್ಯಾಕರೋನಿ–ಚೀಸ್: ಗವಲಿ ಪಾಯಸದ ದೂರದ ನೆಂಟ

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಹೊತ್ತಿಗೆ ಎರಡು ಬಗೆಯ ಅಡುಗೆ ಆಗುವುದು ಹೊಸತೇನಲ್ಲ. ಹಿರಿಯರಿಗೆ ರೊಟ್ಟಿ ಪಲ್ಯ ಅಥವಾ ಅನ್ನ ಸಾರು, ಮಕ್ಕಳಿಗೆ ಮ್ಯಾಕರೋನಿ. ಗೆಳೆಯರ ಹುಟ್ಟುಹಬ್ಬದಲ್ಲಿಯೋ ಹೋಟೆಲಿನಲ್ಲಿಯೋ ಒಮ್ಮೆ ಅದರ ರುಚಿ ಕಂಡ ಮಗು ಮನೆಯಲ್ಲಿಯೂ ಅದನ್ನೇ ಬೇಡುತ್ತದೆ. ನಾವು ಪೊಟ್ಟಣವೊಂದನ್ನು ತಂದು ಕುದಿನೀರಿಗೆ ಸುರಿದು ಕೆಲಸ ಮುಗಿಸುತ್ತೇವೆ. ಆ ಹೊತ್ತಿಗೆ ಮನೆಯ ಅಜ್ಜಿ ಅಡುಗೆಮನೆಯಿಂದ ಹೊರಬಂದು ಸುಮ್ಮನೆ ಕುಳಿತಿರುತ್ತಾರೆ. ಇದು ತಮಗೆ ತಿಳಿಯದ ಅಡುಗೆ ಎಂಬ ಭಾವನೆ ಅವರದು. ಆದರೆ ಈ ಅಡುಗೆಯ ಒಳಗುಟ್ಟನ್ನು ಅರಿತರೆ, ಅದರಲ್ಲಿ ಅಜ್ಜಿಗೆ ತಿಳಿಯದಿರುವುದು ಬಹಳ ಕಡಿಮೆ ಎಂಬುದು ಮನವರಿಕೆಯಾಗುತ್ತದೆ.

ಹಿನ್ನೆಲೆ

ಮ್ಯಾಕರೋನಿ ಇಟಲಿ ಮೂಲದ್ದು. ಅದಕ್ಕೆ ಚೀಸ್ ಬೆರೆಸಿ ಮಾಡುವ ಅಡುಗೆಯ ಕ್ರಮವೊಂದು ಇಂಗ್ಲೆಂಡಿನ ಎಲಿಜಬೆತ್ ರಾಫಾಲ್ಡ್ ಅವರು 1769ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿ ದೊರೆಯುತ್ತದೆ. ಅಮೆರಿಕದಲ್ಲಿ ಥಾಮಸ್ ಜೆಫರ್ಸನ್ ಅವರು ಅಧ್ಯಕ್ಷರಾಗಿದ್ದಾಗ, 1802ರ ಔತಣವೊಂದರಲ್ಲಿ ಇದನ್ನು ಬಡಿಸಿದ್ದ ದಾಖಲೆಯಿದೆ. 1937ರಲ್ಲಿ ಕ್ರಾಫ್ಟ್ ಕಂಪನಿಯು ಮ್ಯಾಕರೋನಿಯನ್ನೂ ಚೀಸ್ ಪುಡಿಯನ್ನೂ ಒಂದೇ ಪೊಟ್ಟಣದಲ್ಲಿಟ್ಟು ಮಾರತೊಡಗಿದ ಮೇಲೆ ಇದು ಮನೆಮಾತಾಯಿತು. ಆದರೆ ಪೊಟ್ಟಣ ಬರುವುದಕ್ಕೆ ಬಹು ಹಿಂದಿನಿಂದಲೂ ಇದು ಮನೆಯ ಅಡುಗೆಯೇ ಆಗಿತ್ತು.

ಗೋಧಿಯ ಮಾತು

ಮ್ಯಾಕರೋನಿಗೆ ಚಪಾತಿಯ ಗೋಧಿ ಒಗ್ಗುವುದಿಲ್ಲ. ಬೇಯಿಸಿದಾಗ ಕರಗದೆ ಬಿಗಿಯಾಗಿ ನಿಲ್ಲಬೇಕಾದರೆ ಡ್ಯೂರಮ್ ಎಂಬ ಗಟ್ಟಿ ಗೋಧಿಯೇ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಬನ್ಸಿ ರವೆ ಎಂದು ದೊರೆಯುವುದು ಇದೇ ಗೋಧಿಯ ರವೆ. ಇದರ ಹತ್ತಿರದ ಬಂಧು ನಮ್ಮ ಜವೆ ಗೋಧಿ. ಪುಣೆಯ ಅಂಗಡಿಗಳಲ್ಲಿ ಅದನ್ನೇ ಖಪಲಿ ಎಂದು ಕೇಳಿ ಪಡೆಯಬೇಕು.

ಈ ಗೋಧಿಗಳ ಸಂಶೋಧನೆ ನಮ್ಮ ಎರಡೂ ಊರುಗಳಲ್ಲಿ ನಡೆದಿದೆ ಎಂಬುದು ಹೆಮ್ಮೆಯ ವಿಷಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಜವೆ ಗೋಧಿಯಲ್ಲಿ ಡಿಡಿಕೆ 1025, ಡಿಡಿಕೆ 1029 ಮೊದಲಾದ ತಳಿಗಳನ್ನು ರೂಪಿಸಿದೆ. ಪುಣೆಯಲ್ಲಿ 1946ರಲ್ಲಿ ಸ್ಥಾಪನೆಯಾಗಿ, 1992ರಿಂದ ಆಘಾರ್ಕರ್ ಸಂಶೋಧನಾ ಸಂಸ್ಥೆ ಎಂಬ ಹೆಸರು ಪಡೆದಿರುವ ಸಂಸ್ಥೆಯು ಎಂಎಸಿಎಸ್ 4028 ಎಂಬ ಡ್ಯೂರಮ್ ತಳಿಯನ್ನು ನೀಡಿದೆ. ಅದರಲ್ಲಿ ಪ್ರೋಟೀನಿನ ಪ್ರಮಾಣ ಸುಮಾರು ಶೇ. 14.7. ಆದ್ದರಿಂದ ಮ್ಯಾಕರೋನಿ ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿರಿ. ಡ್ಯೂರಮ್ ಗೋಧಿಯ ರವೆ ಎಂದಿದ್ದರೆ ಮಾತ್ರ ತನ್ನಿರಿ. ಮೈದಾದಿಂದ ಮಾಡಿದ್ದು ಬೇಗನೆ ಮುದ್ದೆಯಾಗುತ್ತದೆ.

ಬೇಕಾಗುವ ಪದಾರ್ಥಗಳು (ನಾಲ್ವರಿಗೆ)

ಮ್ಯಾಕರೋನಿ 250 ಗ್ರಾಂ; ಬೆಣ್ಣೆ 30 ಗ್ರಾಂ; ಮೈದಾ 30 ಗ್ರಾಂ; ಗಟ್ಟಿ ಹಾಲು 600 ಮಿ.ಲೀ.; ತುರಿದ ಚೀಸ್ 200 ಗ್ರಾಂ; ಸಾಸಿವೆ ಪುಡಿ ಅರ್ಧ ಚಮಚ; ಮೆಣಸಿನ ಪುಡಿ ಕಾಲು ಚಮಚ; ಜಾಯಿಕಾಯಿ ಒಂದು ಚಿಟಿಕೆ; ಉಪ್ಪು.

ಚೀಸ್‌ನಲ್ಲಿ ಅರ್ಧ ಪಾಲು ಚೆಡ್ಡರ್, ಅರ್ಧ ಪಾಲು ಸಂಸ್ಕರಿತ ಚೀಸ್ ಇದ್ದರೆ ಒಳ್ಳೆಯದು. ಚೆಡ್ಡರ್ ರುಚಿ ಕೊಡುತ್ತದೆ. ಸಂಸ್ಕರಿತ ಚೀಸ್‌ನಲ್ಲಿ ಜಿಡ್ಡನ್ನೂ ಪ್ರೋಟೀನನ್ನೂ ಬೇರ್ಪಡದಂತೆ ಹಿಡಿದಿಡುವ ಲವಣಗಳಿರುವುದರಿಂದ ಅದು ನುಣುಪು ಕೊಡುತ್ತದೆ. ಚೀಸ್‌ಗಾಗಿ ಬಹಳ ದೂರ ಹೋಗಬೇಕಾಗಿಲ್ಲ. ಪುಣೆ–ನಾಸಿಕ ಹೆದ್ದಾರಿಯ ಮಂಚರದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ಚೀಸ್ ತಯಾರಾಗುತ್ತದೆ.

ಸಸ್ಯಾಹಾರಿ ಮನೆಗಳವರು ಒಂದು ವಿಷಯವನ್ನು ಗಮನಿಸಬೇಕು. ಹಾಲನ್ನು ಹೆಪ್ಪುಗಟ್ಟಿಸಲು ಕೆಲವು ಚೀಸ್‌ಗಳಲ್ಲಿ ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಇಟಲಿಯ ಅಸಲಿ ಪಾರ್ಮಿಜಾನೋ ಚೀಸ್ ಅಂಥದ್ದು. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್‌ನಿಂದ ಮಾಡಿದ ಚೀಸ್‌ಗಳೂ ಧಾರಾಳವಾಗಿ ದೊರೆಯುತ್ತವೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಕೊಂಡರೆ ಸಂಶಯವಿರುವುದಿಲ್ಲ.

ಮಾಡುವ ವಿಧಾನ

ಎರಡೂವರೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ, ನೀರು ತೆರಳುವಾಗ ಮ್ಯಾಕರೋನಿ ಹಾಕಿರಿ. ಪುಣೆಯು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಪೊಟ್ಟಣದ ಮೇಲಿನ ಸಮಯವನ್ನೇ ನೆಚ್ಚದೆ ಒಂದು ತುಂಡನ್ನು ಬಾಯಿಗೆ ಹಾಕಿ ನೋಡುವುದು ಲೇಸು. ನಡುವೆ ಇನ್ನೂ ತುಸು ಗಟ್ಟಿಯಿರುವಾಗಲೇ ಬಸಿದುಬಿಡಿ. ಉಳಿದ ಬೇಯುವಿಕೆ ಚೀಸಿನ ರಸದಲ್ಲಿ ಆಗುತ್ತದೆ. ಬಸಿದ ನೀರನ್ನು ಒಂದು ಬಟ್ಟಲಿನಷ್ಟು ತೆಗೆದಿಡಿ.

ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ಕೆಂಪಾಗಬಾರದು. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೊಯ್ಯುತ್ತ ಗಂಟಾಗದಂತೆ ಕಲಕಿ, ಒಂದು ಕುದಿ ಬಂದು ದಪ್ಪಗಾದ ಮೇಲೆ ಒಲೆ ಆರಿಸಿರಿ. ಅರ್ಧ ನಿಮಿಷ ಬಿಟ್ಟು ಚೀಸನ್ನು ಹಿಡಿಹಿಡಿಯಾಗಿ ಸೇರಿಸಿ ಕರಗಿಸಿರಿ. ಸಾಸಿವೆ, ಮೆಣಸು, ಜಾಯಿಕಾಯಿ ಬೆರೆಸಿ ಮ್ಯಾಕರೋನಿಯನ್ನು ಕೂಡಿಸಿರಿ. ಗಟ್ಟಿಯೆನಿಸಿದರೆ ತೆಗೆದಿಟ್ಟ ನೀರನ್ನು ಹಾಕಬಹುದು. ಚೀಸಿನಲ್ಲಿಯೇ ಉಪ್ಪಿರುವುದರಿಂದ ರುಚಿ ನೋಡದೆ ಮತ್ತೆ ಉಪ್ಪು ಹಾಕಬಾರದು.

ಒಲೆ ಆರಿಸಿದ ನಂತರವೇ ಚೀಸ್ ಹಾಕಬೇಕು ಎನ್ನುವುದು ಈ ಅಡುಗೆಯ ಮರ್ಮ. ಮೊದಲ ಸಲ ನಾನು ಕುದಿಯುವ ಹಾಲಿಗೇ ಚೀಸ್ ಸುರಿದು, ರಸವೆಲ್ಲ ಒಡೆದು ಎಣ್ಣೆ ಬೇರೆ, ಮರಳುಮರಳಾದ ಗಷ್ಟು ಬೇರೆ ಆಗಿತ್ತು. ನೋಡಿದ ನಮ್ಮ ಅತ್ತೆಯವರು, "ಮಜ್ಜಿಗೆ ಹುಳಿ ಹಿಂಗ ಕುದಿಸ್ತಾರೇನು?" ಎಂದು ಕೇಳಿದರು. ಅವರ ಮಾತು ಅಕ್ಷರಶಃ ಸತ್ಯ. ಬಿಸಿ ಮಿತಿಮೀರಿದಾಗ ಹಾಲಿನ ಪ್ರೋಟೀನು ಬಿಗಿದುಕೊಂಡು ನೀರನ್ನೂ ಜಿಡ್ಡನ್ನೂ ಹಿಂಡಿ ಹೊರಹಾಕುತ್ತದೆ. ಮಜ್ಜಿಗೆ ಹುಳಿ ಒಡೆಯಬಾರದೆಂದು ನಾವು ಕಡಲೆಹಿಟ್ಟನ್ನೋ ನೆನೆಸಿ ರುಬ್ಬಿದ ಬೇಳೆಯನ್ನೋ ಸೇರಿಸಿ ಹದವಾದ ಉರಿಯಲ್ಲಿಡುತ್ತೇವೆ. ಇಲ್ಲಿ ಆ ಕೆಲಸವನ್ನು ಮೈದಾ ಮಾಡುತ್ತದೆ. ಶಾಸ್ತ್ರ ಒಂದೇ, ಪದಾರ್ಥ ಬೇರೆ.

ಅಜ್ಜಿಯ ಕೈಯ ಮ್ಯಾಕರೋನಿ

ಇನ್ನು ಗವಲಿಯ ವಿಷಯ. ಗಟ್ಟಿಯಾಗಿ ಕಲಸಿದ ರವೆಯ ಕಣಕವನ್ನು ಎಳೆಯಾಗಿ ಹೊಸೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಅಕ್ಕಿಯ ಕಾಳಿನಷ್ಟು ಚಿಕ್ಕದಾಗಿ ತಿರುವಿ ಉದುರಿಸುವ ವಿದ್ಯೆ ಅದು. ತುಸು ದೊಡ್ಡದಾದರೆ ಸೌತೆಬೀಜ. ಉತ್ತರ ಕರ್ನಾಟಕದಲ್ಲಿ ಮದುವೆಗೆ ಮುಂಚೆ ಹೆಂಗಸರು ಕೂಡಿ ಹಾಡುತ್ತ ಇವನ್ನು ಮಾಡುತ್ತಿದ್ದರು. ನಮ್ಮ ಮರಾಠಿ ನೆರೆಯವರು ಇದನ್ನೇ ಗವ್ಹಲೆ ಎನ್ನುತ್ತಾರೆ. ಗಟ್ಟಿ ಗೋಧಿ, ಒಣಗಿಸಿ ಕಾದಿಡುವ ಕ್ರಮ, ಹಾಲಿನೊಡನೆ ಬೇಯಿಸಿ ಉಣ್ಣುವ ಪದ್ಧತಿ: ಇಷ್ಟೂ ಗುಣಗಳು ಮ್ಯಾಕರೋನಿ–ಚೀಸ್‌ನಲ್ಲಿಯೂ ಇವೆ.

ಮ್ಯಾಕರೋನಿಯ ಟೊಳ್ಳು ಕೊಳವೆಗೆ ಯಂತ್ರದ ಅಚ್ಚು ಬೇಕು; ಆದರೆ ಸೌತೆಬೀಜಕ್ಕೆ ಬೆರಳುಗಳೇ ಸಾಕು. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಸಣ್ಣ ಬನ್ಸಿ ರವೆಯನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ ಎರಡು ಗಂಟೆ ನೆನೆಯಲು ಬಿಟ್ಟೆವು. ಅಜ್ಜಿ ತೋರಿಸಿದಂತೆ ಮೊಮ್ಮಗಳು ಹೊಸೆದಳು. ಮೊದಲ ದಿನ ಅವಳದು ಒಂದೊಂದು ಒಂದೊಂದು ಗಾತ್ರ. ಮೂರನೆಯ ದಿನಕ್ಕೆ ಕೈ ಕುದುರಿತು. ನೆರಳಿನಲ್ಲಿ ಒಣಗಿದ ಅವನ್ನು ಬೇಯಿಸಿ ಅರ್ಧಕ್ಕೆ ಚೀಸಿನ ರಸ ಬೆರೆಸಿದೆವು, ಉಳಿದರ್ಧ ಬೆಲ್ಲದ ಪಾಯಸವಾಯಿತು. ಹೊಸೆಯುವಾಗ ಅಜ್ಜಿ ತಮ್ಮೂರಿನ ಮದುವೆಮನೆಗಳ ಕಥೆ ಹೇಳಿದರು. ಮರಾಠಿ, ಇಂಗ್ಲಿಷ್‌ಗಳ ನಡುವೆ ಬೆಳೆದ ಮಗುವಿಗೆ ಕಣಕ, ಹದ, ಹೊಸೆ, ತಿರುವು ಎಂಬ ಮಾತುಗಳು ಬೆರಳಿನ ಮೂಲಕವೇ ಬಂದವು.

ಶಾವಿಗೆ ಮಣೆಯೂ ಗವಲಿಯ ಕೈಚಳಕವೂ ನಮ್ಮ ಫ್ಲ್ಯಾಟುಗಳಿಂದ ಬಹುಪಾಲು ಮರೆಯಾಗಿವೆ. ಅವನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಮುಂದಿನ ಸಲ ಮಗು ಮ್ಯಾಕರೋನಿ ಬೇಕೆಂದಾಗ ಅಂಗಡಿಗೆ ಹೊರಡುವ ಮೊದಲು ಅಜ್ಜಿಯನ್ನು ಒಳಗೆ ಕರೆಯಿರಿ.